ನೊಗದ ಎರಡು ತುದಿ

ನಮ್ಮ ಗುತ್ತಲಿನಲ್ಲಿ ಈಗ ಹೋರಿ ಪಳಗಿಸುವವರು ಯಾರೂ ಉಳಿದಿಲ್ಲ. ಗದ್ದೆಯಿದ್ದ ಕಡೆಯೆಲ್ಲ ಬಡಾವಣೆ ಎದ್ದಿದೆ. ಊರು ಮಂಡ್ಯ ನಗರದೊಳಗೆ ಸೇರಿಹೋಗಿ ಕಾಲವಾಯಿತು. ಅರ್ಕೇಶ್ವರನ ಗುಡಿಯ ಮುಂದೆ ನಿಂತಾಗ ಮಾತ್ರ ಇದೂ ಒಂದು ಹಳ್ಳಿಯಾಗಿತ್ತು ಎಂಬುದು ನೆನಪಿಗೆ ಬರುತ್ತದೆ. ಆದರೂ ಹೋರಿ ಪಳಗಿಸುವುದನ್ನು ಕಣ್ಣಾರೆ ಕಂಡ ನಮ್ಮ ವಯಸ್ಸಿನವರಿಗೆ ಒಂದು ಸಂಗತಿ ಗೊತ್ತು. ಹಳ್ಳಿಕಾರ್ ಹೋರಿಯನ್ನು ಯಾರೂ ಒಂಟಿಯಾಗಿ ಪಳಗಿಸುತ್ತಿರಲಿಲ್ಲ. ನೊಗದ ಒಂದು ತುದಿಗೆ ನುರಿತ ಎತ್ತು, ಇನ್ನೊಂದು ತುದಿಗೆ ಹೊಸ ಹೋರಿ, ಹಿಂದೆ ಎಳೆಯಲು ಒಂದು ಮರದ ದಿಮ್ಮಿ. ಹೋರಿ ಎಗರಿದರೆ ಎತ್ತಿನ ಕತ್ತೂ ತಿರುಚುತ್ತದೆ. ಹೋರಿ ಮುನಿದು ಮಲಗಿಬಿಟ್ಟರೆ ಏನೂ ತಪ್ಪು ಮಾಡದ ಎತ್ತೂ ಬಿಸಿಲಲ್ಲಿ ನಿಲ್ಲಬೇಕು. ಹತ್ತು ಹದಿನೈದು ದಿನ ಹೀಗೆ ನಡೆದ ಮೇಲೆ ಹೋರಿಯ ಹೆಜ್ಜೆ ಹದಕ್ಕೆ ಬರುತ್ತದೆ, ಎತ್ತಿನ ಹೆಜ್ಜೆಯೂ ಮೊದಲಿನಂತಿರುವುದಿಲ್ಲ, ತುಸು ಚುರುಕಾಗಿರುತ್ತದೆ. ಹಾಗಾದರೆ ಪಳಗಿದ್ದು ಯಾವುದು?

ಇಷ್ಟು ಕಾಲ ಮರೆತಿದ್ದ ಈ ಪ್ರಶ್ನೆ ಮರಳಿ ಬಂದದ್ದು ಒಂದು ಸಿನಿಮಾದ ದೆಸೆಯಿಂದ. ರಜೆಗೆ ಬಂದಿದ್ದ ಮೊಮ್ಮಗಳ ಜೊತೆ ಕುಳಿತು 1989ರ ‘ನಂಜುಂಡಿ ಕಲ್ಯಾಣ’ ನೋಡುತ್ತಿದ್ದೆ. ಬಿಡುಗಡೆಯಾದಾಗ ಮಂಡ್ಯದ ಟಾಕೀಸಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಚಿತ್ರ. ನಗುವ ಜಾಗಗಳೆಲ್ಲ ಬಾಯಿಪಾಠ. ಮಾತು ಬರುವ ಮೊದಲೇ ನನಗೆ ನಗು ಬರುತ್ತಿತ್ತು. ಮೊಮ್ಮಗಳು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ತಾತ, ಅವ್ನು ಇಷ್ಟೊಂದು ಗೋಳು ಹುಯ್ಕೋತಾನಲ್ಲ, ಅವ್ಳು ಯಾಕೆ ಬಿಟ್ಟು ಹೋಗಲ್ಲ?”

ನನ್ನ ನಗು ನಿಂತಿತು. ಮೂವತ್ತೈದು ವರ್ಷ ನಮ್ಮಲ್ಲಿ ಯಾರಿಗೂ ತೋಚದ ಪ್ರಶ್ನೆ ಅದು. ತೋಚಲಿಲ್ಲವೋ, ತೋಚಿದರೂ ನಗುವಿನ ಅಡಿಯಲ್ಲಿ ಅದುಮಿಟ್ಟಿದ್ದೆವೋ?

ಈ ಚಿತ್ರ ನಮ್ಮ ಬಳಿಗೆ ಬಂದ ದಾರಿ ಬಲು ಉದ್ದ. ಷೇಕ್ಸ್‌ಪಿಯರ್ ತನ್ನ ಬರವಣಿಗೆಯ ಆರಂಭದ ದಿನಗಳಲ್ಲಿ, 1590ರ ಆಚೀಚೆ, ‘ದಿ ಟೇಮಿಂಗ್ ಆಫ್ ದಿ ಶ್ರೂ’ ಬರೆದ. ಗಯ್ಯಾಳಿ ಹುಡುಗಿಯನ್ನು ಮದುವೆಯಾಗಿ ಅವಳ ಗರ್ವ ಇಳಿಸುವ ಗಂಡನ ಕಥೆ. ಪರ್ವತವಾಣಿ ಎಂಬ ಹೆಸರಿನಲ್ಲಿ ಬರೆದ ಪಿ. ನರಸಿಂಗರಾಯರು ಅದನ್ನು ‘ಬಹದ್ದೂರ್ ಗಂಡ’ ಮಾಡಿ ಕನ್ನಡದ ಹವ್ಯಾಸಿ ರಂಗಭೂಮಿಗೆ ಕೊಟ್ಟರು. ಆ ನಾಟಕ ಚಿ. ಉದಯಶಂಕರ್ ಅವರ ಲೇಖನಿಯಲ್ಲಿ ಚಿತ್ರಕಥೆಯಾಯಿತು, ಉಪೇಂದ್ರಕುಮಾರ್ ಅವರ ರಾಗ ಸೇರಿತು, ಎಂ.ಎಸ್. ರಾಜಶೇಖರ್ ಅವರ ನಿರ್ದೇಶನದಲ್ಲಿ ತೆರೆಗೆ ಬಂತು. ರಾಘವೇಂದ್ರ ರಾಜ್‌ಕುಮಾರ್ ನಾಯಕ, ಅದೇ ಚಿತ್ರದಿಂದ ಕನ್ನಡಕ್ಕೆ ಕಾಲಿಟ್ಟ ಮಾಲಾಶ್ರೀ ನಾಯಕಿ. ಟಾಕೀಸಿನಲ್ಲಿ ಕುಳಿತ ನಮಗೆ ಈ ನಾಲ್ಕು ನೂರು ವರ್ಷದ ವಂಶಾವಳಿ ಬೇಕಾಗಿಯೇ ಇರಲಿಲ್ಲ. ಕನ್ನಂಬಾಡಿಯಿಂದ ಹೊರಟು ಹುಲಿಕೆರೆಯ ಸುರಂಗದೊಳಗೆ ಹಾದು ನಮ್ಮ ಬಯಲಿಗೆ ಇಳಿದ ಮೇಲೆ ಕಾವೇರಿಯನ್ನು ಕಾವೇರಿ ಎಂದು ಕರೆಯುವ ರೈತನುಂಟೇ? ನಾಲೆ ನೀರು ಎನ್ನುತ್ತೇವೆ, ನಮ್ಮದು ಎನ್ನುತ್ತೇವೆ, ತೂಬಿಗಾಗಿ ಜಗಳವನ್ನೂ ಆಡುತ್ತೇವೆ. ಕಥೆಯೂ ಹಾಗೆಯೇ. ನಮ್ಮ ಜಿಲ್ಲೆಯ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕರ ಏಜಾಕ್ಸನನ್ನು ‘ಅಶ್ವತ್ಥಾಮನ್’ ಆಗಿಸಿದಾಗ ಅವನ ರೋಷಕ್ಕೆ ಕುರುಕ್ಷೇತ್ರದ ಮಣ್ಣು ಮೆತ್ತಿಕೊಂಡಿತು. ಹೊರಗಿನದು ಒಳಗೆ ಬರಬೇಕಾದರೆ ಏನನ್ನೋ ಬಿಟ್ಟು ಬರುತ್ತದೆ, ಏನನ್ನೋ ಹೊತ್ತುಕೊಳ್ಳುತ್ತದೆ. ಯಾವುದನ್ನು ಬಿಟ್ಟಿತು ಎಂದು ಹುಡುಕುವುದರಲ್ಲಿ ನನಗೊಂದು ಕುತೂಹಲ.

ಷೇಕ್ಸ್‌ಪಿಯರನ ನಾಟಕ ಗಯ್ಯಾಳಿಯಿಂದ ಆರಂಭವಾಗುವುದೇ ಇಲ್ಲ. ಅದು ಆರಂಭವಾಗುವುದು ಒಬ್ಬ ಕುಡುಕನಿಂದ. ಪಾತ್ರೆ ಬೆಸೆಯುವ ಬಡವ, ಹೆಂಡದಂಗಡಿಯ ಮುಂದೆ ಬಿದ್ದಿದ್ದಾನೆ. ಬೇಟೆ ಮುಗಿಸಿ ಬಂದ ಸಿರಿವಂತನೊಬ್ಬ ತಮಾಷೆಗೆಂದು ಅವನನ್ನು ಎತ್ತಿಸಿಕೊಂಡು ಹೋಗಿ, ರೇಷ್ಮೆ ಉಡಿಸಿ, “ನೀವೇ ಪ್ರಭುಗಳು, ಇಷ್ಟು ದಿನ ಬುದ್ಧಿಭ್ರಮಣೆಯಾಗಿತ್ತು” ಎಂದು ನಂಬಿಸುತ್ತಾನೆ. ಒಬ್ಬ ಹುಡುಗನಿಗೆ ಸೀರೆಯಂಥದ್ದನ್ನು ಸುತ್ತಿ ಹೆಂಡತಿಯೆಂದು ಪಕ್ಕದಲ್ಲಿ ಕೂರಿಸುತ್ತಾನೆ. ಆ ಮೇಲೆ ಅವನ ಮನರಂಜನೆಗೆಂದು ಆಡುವ ನಾಟಕವೇ ಗಯ್ಯಾಳಿಯನ್ನು ಪಳಗಿಸುವ ಕಥೆ! ಅಂದರೆ ಈ ಬಹದ್ದೂರಿಕೆಯೆಲ್ಲ ಒಬ್ಬ ಕುಡುಕನ ಮುಂದೆ, ಅದೂ ಅವನನ್ನು ಗೇಲಿ ಮಾಡುತ್ತ, ನಡೆದದ್ದು. ಹೆಂಡತಿಯನ್ನು ಹೀಗೆ ಬಗ್ಗಿಸಬಹುದು ಎಂಬುದು ಬಹುಶಃ ಒಬ್ಬ ಅಮಲೇರಿದವನ ಕನಸು ಎಂದು ಕವಿ ಕಣ್ಣಂಚಿನಲ್ಲಿ ಹೇಳಿಟ್ಟಿದ್ದಾನೆಯೇ?

ನಮ್ಮ ಚಿತ್ರದಲ್ಲಿ ಆ ಕುಡುಕನಿಲ್ಲ. ಚೌಕಟ್ಟು ಬಿಚ್ಚಿಟ್ಟು ಪಟವನ್ನಷ್ಟೇ ಗೋಡೆಗೆ ತೂಗುಹಾಕಿದಂತಾಯಿತು. ಆದರೆ ಹೊರಗೆ ಬಿಟ್ಟ ವಸ್ತು ಬೇರೊಂದು ಬಾಗಿಲಿನಿಂದ ಒಳಗೆ ಬರುವುದುಂಟು. ‘ನಂಜುಂಡಿ ಕಲ್ಯಾಣ’ ಎಂದೊಡನೆ ಜನಕ್ಕೆ ಮೊದಲು ನೆನಪಾಗುವುದು ಯಾವುದು? ನಾಯಕಿ ಅಮಲಿನಲ್ಲಿ ಕುಣಿಯುವ ಆ ಹಾಡು. ಮಂಜುಳಾ ಗುರುರಾಜ್ ತೊದಲುತ್ತ ತೊದಲುತ್ತಲೇ ಶ್ರುತಿ ಬಿಡದೆ ಹಾಡಿದ್ದು, ಮಾಲಾಶ್ರೀ ಹಿಂದೆಮುಂದೆ ನೋಡದೆ ಕುಣಿದದ್ದು. ಕುಡುಕ ಬಂದೇ ಬಂದ, ಹೆಣ್ಣಾಗಿ ಬಂದ. ಉದಯಶಂಕರ್ ಅವರು ಮೂಲದ ಕುಡುಕನನ್ನು ನೆನೆದು ಇದನ್ನು ಬರೆದರೆಂದು ನಾನು ಹೇಳಲಾರೆ. ಹಾಗೆ ಹೇಳುವುದು ಪಂಡಿತರ ಚಾಳಿ. ಅಂತೂ ಪಳಗಿಸಲೆಂದು ಕರೆತಂದ ಹುಡುಗಿಯೇ ಇಡೀ ಚಿತ್ರದಲ್ಲಿ ಅತ್ಯಂತ ಸ್ವತಂತ್ರಳಾಗಿ ಕಾಣುವ ಗಳಿಗೆ ಅದು, ಜನ ಮೂರು ದಶಕ ಕಾಪಿಟ್ಟುಕೊಂಡದ್ದೂ ಅದನ್ನೇ. ಅವಳು ಸೋತ ದೃಶ್ಯ ಎಷ್ಟು ಜನರಿಗೆ ನೆನಪಿದೆ?

ಇನ್ನು ಆ ಶೀರ್ಷಿಕೆಗಳ ಮಾತು. ‘ಬಹದ್ದೂರ್ ಗಂಡ’ ಎಂದಾಗ ಪರ್ವತವಾಣಿಯವರು ತುಂಟನಗೆ ನಕ್ಕಿರಬೇಕು. ಶಾಸನದ ಕನ್ನಡದಲ್ಲಿ ಗಂಡ ಎಂದರೇ ವೀರ. ಅವನಿಗೆ ಮತ್ತೊಮ್ಮೆ ಬಹದ್ದೂರ್ ಎಂಬ ಬಿರುದೇಕೆ? ನಮ್ಮ ಮದ್ದೂರು ಸೀಮೆಯ ಆತಕೂರಿನಲ್ಲಿ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು. ಹೆಂಡತಿಯೊಡನೆ ನಲವತ್ತು ವರ್ಷ ಹೊಂದಿಕೊಂಡು ಬಾಳಿದವನಿಗೆ ಯಾವ ಊರಲ್ಲಾದರೂ ವೀರಗಲ್ಲು ಇದೆಯೇ? ನಾಟಕ ಸಿನಿಮಾ ಆಗುವಾಗ ಆ ಗಂಡ ಹಿಂದೆ ಸರಿದು ನಂಜುಂಡಿ ಬಂದದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ನಂಜನ್ನು ಉಂಡವನು ನಂಜುಂಡ. ಅವನು ವಿಷವನ್ನು ನುಂಗಲಿಲ್ಲ, ಉಗುಳಲೂ ಇಲ್ಲ, ಗಂಟಲಲ್ಲಿ ತಡೆದು ನಿಲ್ಲಿಸಿಕೊಂಡ. ಕಪಿಲಾ ತೀರದ ಆ ದೇವರಿಗೆ ಮುಡಿ ಕೊಟ್ಟು ಬರುವ ನಮ್ಮ ಕಡೆಯ ದಂಪತಿಗಳಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮನೆಯಲ್ಲಿ ಇಬ್ಬರು ಬಾಳುವಾಗ ಒಬ್ಬರ ಕಹಿ ಇನ್ನೊಬ್ಬರ ಗಂಟಲಿಗೆ ಬರದೇ ಇರುತ್ತದೆಯೇ? ಉಗುಳಿದರೆ ಬೀದಿ ರಂಪ, ನುಂಗಿದರೆ ತನಗೇ ಕೇಡು. ಅದರ ಜೊತೆಗೆ ಕಲ್ಯಾಣ ಎಂಬ ಮಾತು. ನಮ್ಮ ಭಾಷೆಯಲ್ಲಿ ಅದಕ್ಕೆ ಮದುವೆ ಎಂಬ ಅರ್ಥವೂ ಉಂಟು, ಒಳಿತು ಎಂಬ ಅರ್ಥವೂ ಉಂಟು. ಎರಡೂ ಒಂದೇ ಎಂದು ಹಿರಿಯರು ನಂಬಿದ್ದರೋ, ಒಂದಾಗಲಿ ಎಂದು ಹಾರೈಸಿದ್ದರೋ ತಿಳಿಯದು.

ಒಂದೇ ಮನೆತನ ಈ ಕಥೆಯ ಬಳಿಗೆ ಎರಡು ಸಲ ಬಂದದ್ದನ್ನೂ ನೆನೆಯಬೇಕು. 1974ರಲ್ಲಿ ತಂದೆ ರಾಜ್‌ಕುಮಾರ್ ‘ಸಂಪತ್ತಿಗೆ ಸವಾಲ್’ ಮಾಡಿದ್ದರು, ಎ.ವಿ. ಶೇಷಗಿರಿರಾವ್ ನಿರ್ದೇಶನದಲ್ಲಿ. ಅದೂ ನಾಟಕದಿಂದ ಬಂದದ್ದೇ. ಉತ್ತರ ಕರ್ನಾಟಕದ ಕಂಪನಿಗಳು ಆಡಿ ಆಡಿ ಹದಗೊಳಿಸಿದ ಪಿ.ಬಿ. ಧುತ್ತರಗಿಯವರ ನಾಟಕ. ಅಲ್ಲಿಯೂ ಸಿರಿವಂತರ ಮನೆಯ ಸೊಕ್ಕಿನ ಹುಡುಗಿ, ಮಂಜುಳಾ ಅವರ ದುರ್ಗಾ. ಅಲ್ಲಿಯೂ ಅವಳ ಸೊಕ್ಕು ಇಳಿಯಬೇಕು. ರಾಜ್ ಎಮ್ಮೆಯ ಮೇಲೆ ಕುಳಿತು ಹಾಡಿದ ಹಾಡಿನಿಂದ ಅವರೊಳಗಿನ ಗಾಯಕ ಜನರ ಮನಸ್ಸಿನಲ್ಲಿ ನೆಲೆಯೂರಿದ. ಒಂದು ಕ್ಷಣ ನಿಂತು ಯೋಚಿಸಿ. ಯಾರಿಗೂ ಜಗ್ಗದ ಎಮ್ಮೆಯನ್ನು ಬಾಯ್ತುಂಬ ಕೊಂಡಾಡುವ ನಾಯಕ, ಯಾರಿಗೂ ಜಗ್ಗದ ಹುಡುಗಿಯನ್ನು ಮಾತ್ರ ಬಗ್ಗಿಸಲು ಹೊರಡುತ್ತಾನೆ. ಎಮ್ಮೆಯಲ್ಲಿ ಗುಣವಾದದ್ದು ಹೆಣ್ಣಿನಲ್ಲಿ ದೋಷವಾದದ್ದು ಹೇಗೆ? ಇದನ್ನು ನಾವು ಕೇಳಿಕೊಳ್ಳಲಿಲ್ಲ, ಶಿಳ್ಳೆ ಹಾಕಿದೆವು.

ಶಿಳ್ಳೆಗೆ ಕಾರಣವಿತ್ತು ಎಂಬುದನ್ನೂ ಒಪ್ಪಬೇಕು. ಷೇಕ್ಸ್‌ಪಿಯರನ ಗಂಡ ಬರುವುದೇ ವರದಕ್ಷಿಣೆಯ ಆಸೆಗೆ. ಹಣವುಳ್ಳ ಹುಡುಗಿ ಸಿಕ್ಕರೆ ಸಾಕು, ಸ್ವಭಾವ ಹೇಗಾದರೂ ಇರಲಿ ಎಂದು ಬಾಯಿಬಿಟ್ಟು ಹೇಳುತ್ತಾನೆ. ಕನ್ನಡದ ನಾಟಕಕಾರ ಅದನ್ನು ಬುಡಮೇಲು ಮಾಡಿದ. ಸವಾಲು ಹೆಣ್ಣಿಗಲ್ಲವೆಂದೂ ಸಂಪತ್ತಿಗೆಂದೂ ಹೆಸರಿನಲ್ಲಿಯೇ ಬರೆದಿಟ್ಟ. ಕಬ್ಬು ಕಡಿದು ಕಾರ್ಖಾನೆಗೆ ಹಾಕಿ ದುಡ್ಡಿಗೆ ಕಾದು ಕೂತ ಮಂಡ್ಯದ ರೈತ, ಸಾಹುಕಾರನ ಅಂಗಳದಲ್ಲಿ ಕೈಕಟ್ಟಿ ನಿಂತು ಬಂದವನು, ಟಾಕೀಸಿನ ಕತ್ತಲಲ್ಲಿ ತನ್ನಂಥವನೊಬ್ಬ ಸಿರಿತನವನ್ನು ನಾಲ್ಕು ಮಾತು ಅಂದಾಗ ಸುಮ್ಮನಿರುವುದು ಹೇಗೆ? ಆ ನಗುವಿನಲ್ಲಿ ನ್ಯಾಯವಿತ್ತು. ಆದರೆ ಸಿರಿಯ ಸೊಕ್ಕು ಯಾವಾಗಲೂ ಮಗಳ ಮೈಯಲ್ಲೇ ಏಕೆ ಕಾಣಿಸಿಕೊಳ್ಳಬೇಕು? ಆಸ್ತಿ ಮಾಡಿದ ಅಪ್ಪನ ತಲೆಯ ಮೇಲೆ ಕೊಡ ಹೊರಿಸಿ ನೀರು ತರಿಸಿದ ಚಿತ್ರ ಯಾವುದಾದರೂ ಉಂಟೇ? ಸಾಹುಕಾರನನ್ನು ಬಯ್ಯಲಾರದವರು ಸಾಹುಕಾರನ ಮಗಳನ್ನು ಬಯ್ದು ತೃಪ್ತಿಪಟ್ಟೆವೆಂದರೆ ಕಟುವಾದೀತು, ಸುಳ್ಳಾಗಲಾರದು.

ಷೇಕ್ಸ್‌ಪಿಯರನ ಗಂಡ ತನ್ನ ಉಪಾಯವನ್ನು ಡೇಗೆ ಹಕ್ಕಿ ಪಳಗಿಸುವ ವಿದ್ಯೆಗೆ ಹೋಲಿಸುತ್ತಾನೆ. ಹಕ್ಕಿಗೆ ಅನ್ನವಿಲ್ಲ, ನಿದ್ದೆಯಿಲ್ಲ; ಸೋತು ಕೈಮೇಲೆ ಕೂತರೆ ಮಾಂಸದ ತುಣುಕು. ಅದು ಬೇಟೆಯಾಡುವ ಪ್ರಭುಗಳ ಉಪಮೆ. ನಮಗೆ ಪಳಗಿಸುವುದೆಂದರೆ ನೊಗ. ಹಕ್ಕಿ ಒಂಟಿ, ಎತ್ತು ಜೋಡಿ. ಮೊದಲ ನೋಟಕ್ಕೆ ಎರಡರ ನೀತಿಯೇ ಬೇರೆ ಎನಿಸುತ್ತದೆ. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಡೇಗೆಯವನಿಗೂ ಬಿಡುಗಡೆಯಿಲ್ಲ. ಹಕ್ಕಿಯನ್ನು ಎಚ್ಚರವಿರಿಸಬೇಕಾದರೆ ರಾತ್ರಿಯೆಲ್ಲ ತಾನೂ ಎಚ್ಚರವಿರಬೇಕು. ನಾಟಕದ ಆ ಗಂಡನೂ ಊಟ ಚೆನ್ನಾಗಿಲ್ಲವೆಂದು ತಟ್ಟೆ ತಳ್ಳಿದಾಗ ಹೆಂಡತಿಯೊಡನೆ ತಾನೂ ಉಪವಾಸ ಬೀಳುತ್ತಾನೆ. ಇನ್ನೊಬ್ಬರ ಸ್ವಭಾವ ತಿದ್ದಲು ಹೊರಟವನು ತನ್ನ ನಿದ್ದೆಯನ್ನು ಒತ್ತೆ ಇಡದೆ ತಿದ್ದಿದ್ದುಂಟೇ? ಮಗನನ್ನು ದಾರಿಗೆ ತರುತ್ತೇನೆಂದು ಹೊರಟ ನಮ್ಮೂರ ಎಷ್ಟೋ ತಂದೆಯರು ಹತ್ತು ವರ್ಷದಲ್ಲಿ ಮಗನ ದಾರಿಗೇ ಬಂದುಬಿಟ್ಟದ್ದನ್ನು ನೋಡಿದ್ದೇವೆ. ಅದನ್ನು ಸೋಲೆಂದು ಕರೆದವರು ಯಾರೂ ಇಲ್ಲ.

ಕಥೆಗೆ ಮರುತ್ತರ ಹುಟ್ಟದೇ ಇರುವುದಿಲ್ಲ. ಷೇಕ್ಸ್‌ಪಿಯರ್ ಬದುಕಿರುವಾಗಲೇ ಜಾನ್ ಫ್ಲೆಚರ್ ಎಂಬ ಕಿರಿಯ ನಾಟಕಕಾರ, ಪಳಗಿಸಿದವನನ್ನೇ ಅವನ ಎರಡನೆಯ ಹೆಂಡತಿ ಪಳಗಿಸುವ ನಾಟಕ ಬರೆದ. 1929ರ ಅಮೆರಿಕದ ಚಿತ್ರದಲ್ಲಿ ಮೇರಿ ಪಿಕ್‌ಫರ್ಡ್ ಗಂಡನಿಗೆ ವಿಧೇಯಳಾಗಿರಬೇಕೆಂದು ಕೊನೆಯ ದೊಡ್ಡ ಭಾಷಣ ಮಾಡುತ್ತಲೇ ತಂಗಿಗೆ ಕಣ್ಣು ಮಿಟುಕಿಸಿಬಿಟ್ಟಳು. ಕನ್ನಡದ ಮರುತ್ತರವನ್ನು ಯಾರೂ ಬರೆಯಲಿಲ್ಲ. ಅದು ತೆರೆಯ ಹಿಂದೆ ತಾನಾಗಿ ನಡೆಯಿತು. ಶ್ರೀದುರ್ಗಾ ಎಂಬ ಹುಡುಗಿಗೆ ಪಾರ್ವತಮ್ಮ ರಾಜ್‌ಕುಮಾರ್ ಅವರು ಮಾಲಾಶ್ರೀ ಎಂದು ಹೆಸರಿಟ್ಟು ಕನ್ನಡಕ್ಕೆ ತಂದರು. ದುರ್ಗೆ ಮಾಲೆಯಾದಳು, ಮೆದುವಾಗಬೇಕಾದ ಪಾತ್ರಕ್ಕೆ ಒಪ್ಪುವ ಹೆಸರೇ. ಆದರೆ ಎರಡೇ ವರ್ಷದಲ್ಲಿ, 1991ರಲ್ಲಿ, ಅದೇ ಹುಡುಗಿ ‘ಎಸ್.ಪಿ. ಭಾರ್ಗವಿ’ಯಾಗಿ ಖಾಕಿ ತೊಟ್ಟು ನಿಂತಿದ್ದಳು. ಜನ ಟಿಕೆಟ್ ಕೊಳ್ಳುವಾಗ ನಾಯಕ ಯಾರೆಂದು ಕೇಳುವುದನ್ನೇ ಬಿಟ್ಟರು. ಸೊಕ್ಕು ಮುರಿಯಲೆಂದು ಕರೆತಂದವಳು ಒಂದು ಉದ್ಯಮವನ್ನೇ ತನ್ನ ಹೆಜ್ಜೆಗೆ ಒಗ್ಗಿಸಿಕೊಂಡಳು. ಮಾಲೆಯ ಹೆಸರಲ್ಲಿ ದುರ್ಗೆ ಉಳಿದೇ ಇದ್ದಳು.

ಷೇಕ್ಸ್‌ಪಿಯರನ ಕಾಲದಲ್ಲಿ ಆ ಗಯ್ಯಾಳಿಯ ಪಾತ್ರ ಮಾಡುತ್ತಿದ್ದವನು ಒಬ್ಬ ಹುಡುಗ. ನಮ್ಮ ಕಂಪನಿ ನಾಟಕಗಳಲ್ಲೂ ಬಹುಕಾಲ ಹಾಗೆಯೇ, ಗಂಡಸರೇ ಸೀರೆ ಉಟ್ಟರು. ಹೆಣ್ಣನ್ನು ಬಗ್ಗಿಸುವುದೂ ಬಗ್ಗುವುದೂ ಗಂಡಸರೊಳಗಿನ ಆಟವಾಗಿದ್ದ ತನಕ ಅದರ ನಗು ಹಗುರವಾಗಿದ್ದಿರಬೇಕು. ನಿಜವಾದ ಹೆಣ್ಣು ರಂಗಕ್ಕೆ ಬಂದ ಮೇಲೆ ಅದೇ ಮಾತಿನ ಭಾರ ಬೇರೆಯಾಯಿತು. ಇದನ್ನು ನಾನು ಪುಸ್ತಕದಿಂದ ತಿಳಿದವನಲ್ಲ.

ಮಂಡ್ಯದವರಿಗೆ ನಾಟಕದ ಹುಚ್ಚು ಹೊಸದೇನಲ್ಲ. ರಾಜಕಾರಣದಲ್ಲಿ ಎತ್ತರಕ್ಕೆ ಏರಿದ ಕೆ.ವಿ. ಶಂಕರಗೌಡರೇ ಬಣ್ಣ ಹಚ್ಚಿ ರಂಗಕ್ಕಿಳಿದವರು. ಹಬ್ಬಕ್ಕೋ ಜಾತ್ರೆಗೋ ಊರಿಗೊಂದು ಪೌರಾಣಿಕ ನಾಟಕ ಆಗಲೇಬೇಕು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ತಂದು ಮೂರು ತಿಂಗಳು ತಾಲೀಮು ಕೊಡಬೇಕು, ಬಾಡಿಗೆಗೆ ಸೀನರಿ ಬರಬೇಕು, ಪಾತ್ರಕ್ಕಿಷ್ಟು ಎಂದು ನಾವೇ ದುಡ್ಡು ಕಟ್ಟಬೇಕು. ಗಂಡು ಪಾತ್ರಗಳೆಲ್ಲ ಊರಿನವರವು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಸಂಜೆ ಬಸ್ಸಿಳಿದು, ರಾತ್ರಿಯೆಲ್ಲ ಆಡಿ, ಬೆಳಗ್ಗೆ ಇನ್ನೊಂದು ಊರಿಗೆ. ನಮ್ಮ ಜೊತೆ ಅವರಿಗೆ ಒಂದು ದಿನದ ತಾಲೀಮೂ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ, ಎಲ್ಲರ ಪಾತ್ರವೂ ಅವರ ಬಾಯಲ್ಲಿರುತ್ತದೆ.

ಯೌವನದಲ್ಲಿ ಒಮ್ಮೆ ನಾನು ದ್ರೌಪದಿ ವಸ್ತ್ರಾಪಹರಣದಲ್ಲಿ ದುರ್ಯೋಧನ. ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟಿ ಹಿಡಿದ ಪಾತ್ರ. ಕಿರೀಟ, ಗದೆ, ಮೀಸೆ, ಒನ್ಸ್ ಮೋರ್ ಕೂಗಲು ಮುಂದಿನ ಸಾಲಿನಲ್ಲಿ ಕೂರಿಸಿದ್ದ ಭಾವಮೈದಂದಿರು. ಸಭೆಯ ದೃಶ್ಯದವರೆಗೂ ಎಲ್ಲ ಸುಸೂತ್ರ. ಮುಡಿ ಬಿಚ್ಚಿಕೊಂಡ ದ್ರೌಪದಿಯನ್ನು ತಂದು ನನ್ನ ಕಾಲ ಬಳಿ ಕೆಡವಿದರು. ಆಕೆ ಅಳುತ್ತಿದ್ದರು. ನನ್ನ ಅಕ್ಕನ ವಯಸ್ಸು. ಆ ಅಳು ಕೇಳಿದ್ದೇ ತಡ, ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಎಳೆಯುತ್ತಲೇ ಇದ್ದರು. ಜನ ಗುಜುಗುಜು ಎನ್ನತೊಡಗಿದರು. ಆಕೆ ಮುಖವನ್ನು ನೆಲದಿಂದ ಎತ್ತದೆ, ಕೆದರಿದ ಕೂದಲಿನ ಒಳಗಿಂದ, ಅಳುವಿನ ರಾಗ ಒಂದಿಷ್ಟೂ ಕೆಡದಂತೆ ನನಗಷ್ಟೇ ಕೇಳುವ ಹಾಗೆ ಹೇಳಿದರು:

“ತೊಡೆ ತಟ್ಟಿ ಗೌಡ್ರೇ. ತೊಡೆ ತಟ್ಟಿ, ಬಾ ಕೂತ್ಕೋ ಅನ್ನಿ.”

ನಾನು ತೊಡೆ ತಟ್ಟಿದೆ.